ಹಳೆಯ ಏರ್‌ಬ್ರಷ್ ಮತ್ತು ಬಣ್ಣ ಸಿಂಪಡಿಸುವ ಸಾಧನಗಳ ಸಂಗ್ರಹ

ಹಳೆಯ ಏರ್‌ಬ್ರಷ್, ಸ್ಪ್ರೇ ಗನ್, ಅವಕ್ಕೆ ಗಾಳಿ ಒದಗಿಸುತ್ತಿದ್ದ ಕೈಪಂಪು, ಕಾಲುಪಂಪು, ಗಾಳಿತೊಟ್ಟಿ, ಕಂಪ್ರೆಸರ್‌ಗಳನ್ನು ಹುಡುಕಿ, ಗುರುತು ಹಚ್ಚಿ, ಕಾಪಾಡುವ ಹವ್ಯಾಸ ಮತ್ತು ಅಧ್ಯಯನ. ಬಣ್ಣವನ್ನು ಸಣ್ಣ ಹನಿಗಳಾಗಿ ಒಡೆದು ಮೇಲ್ಮೈಗೆ ಕೂರಿಸುವ ಯಾವ ಸಾಧನವೂ ಇದರ ವ್ಯಾಪ್ತಿಗೆ ಬರುತ್ತದೆ. ಲೇಖನಿಯಂತೆ ಬೆರಳುಗಳಲ್ಲಿ ಹಿಡಿಯುವ ಏರ್‌ಬ್ರಷ್ ಒಂದು ತುದಿಯಾದರೆ, ಗೋಡೆಗೆ ಸುಣ್ಣ ಹೊಡೆಯುವ ಪಂಪು ಇನ್ನೊಂದು ತುದಿ. 1876ರಿಂದ ಹಿಡಿದು ಬಣ್ಣದ ಫೋಟೋ ಮನೆಮನೆಗೆ ಬರುವವರೆಗಿನ ಸುಮಾರು ನೂರು ವರ್ಷ ಈ ಸಂಗ್ರಹದ ಮುಖ್ಯ ಕಾಲ.

ಕುಂಚ ತಾನು ನಡೆದ ದಾರಿಯನ್ನು ಬಣ್ಣದಲ್ಲೇ ಬಿಟ್ಟುಹೋಗುತ್ತದೆ. ಗೆರೆಯ ದಪ್ಪ, ಎಳೆದ ದಿಕ್ಕು, ಕೈ ತಡೆದ ಜಾಗ ಎಲ್ಲವನ್ನೂ ನೋಡಿ ಚಿತ್ರಗಾರನನ್ನು ಊಹಿಸಬಹುದು. ಸಿಂಪಡಿಸಿದ ಬಣ್ಣದಲ್ಲಿ ಅಂಥ ಗುರುತು ಉಳಿಯುವುದಿಲ್ಲ, ಉಳಿಯಬಾರದೆಂಬುದೇ ಆ ಕೆಲಸದ ಜಾಣ್ಮೆ. ಹೀಗಾಗಿ ಸ್ಪ್ರೇ ಕೆಲಸ ಮಾಡಿದ ಕಲಾವಿದರ ಬಗ್ಗೆ ಚಿತ್ರಕ್ಕಿಂತ ಹೆಚ್ಚು ಹೇಳಬಲ್ಲದ್ದು ಅವರ ಕೈಯಲ್ಲಿದ್ದ ಸಾಧನ. ನಮ್ಮಲ್ಲಿ ಚಿತ್ರಪಟಗಳು ದೇವರಕೋಣೆಯಲ್ಲೂ ಪಡಸಾಲೆಯಲ್ಲೂ ಉಳಿದವು, ಸಾಧನಗಳು ಹಿತ್ತಾಳೆಯ ತೂಕಕ್ಕೆ ಗುಜರಿಗೆ ಹೋದವು. ಈ ಸಂಗ್ರಹಕ್ಕೆ ಬೆಲೆ ಬರುವುದು ಅಲ್ಲಿಂದ.

ಅಬ್ಬೆತುಮಕೂರು ಸೀಮೆ

ದೇವರಕೋಣೆಯಲ್ಲಿ ಉಳಿದ ಅಂಥ ಪಟಗಳನ್ನು ನೋಡಲು ಒಂದು ಸೀಮೆಯನ್ನು ತೆಗೆದುಕೊಳ್ಳೋಣ. ಯಾದಗಿರಿ ತಾಲೂಕಿನ ಅಬ್ಬೆತುಮಕೂರು ವಿಶ್ವಾರಾಧ್ಯರ ಸಿದ್ಧ ಸಂಸ್ಥಾನ ಮಠದಿಂದ ಹೆಸರಾದ ಊರು. ಸುರಪುರ ಕಡೆಯ ತಿಂಥಣಿ ಮೌನೇಶ್ವರ, ಕಲಬುರಗಿಯ ಶರಣಬಸವೇಶ್ವರ ಹೀಗೆ ಈ ಸೀಮೆಯ ಭಕ್ತಿಯೆಲ್ಲ ಗುರುಪರಂಪರೆಯ ಸುತ್ತ ಬೆಳೆದದ್ದು. ಗುರುವಿನ ಚಿತ್ರಪಟಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ಪೂಜಿಸುವುದು ಇಲ್ಲಿ ಸಾಮಾನ್ಯ. ಜಾತ್ರೆಯ ಸಾಲಂಗಡಿಗಳಲ್ಲಿ ಬೆಂಡು ಬತ್ತಾಸು, ಕುಂಕುಮ ವಿಭೂತಿಗಳ ಪಕ್ಕದಲ್ಲೇ ಪಟಗಳೂ ಮಾರಾಟಕ್ಕಿರುತ್ತವೆ. ಇಂಥ ಹಳೆಯ ಪಟಗಳನ್ನು ಹತ್ತಿರದಿಂದ ನೋಡಿದರೆ ಒಂದು ಪದ್ಧತಿ ಎದ್ದು ಕಾಣುತ್ತದೆ. ಮುಖ ಫೋಟೋದಿಂದ ಬಂದದ್ದು, ಹಿನ್ನೆಲೆ ಫೋಟೋದ್ದಲ್ಲ. ಮೂಲ ಚಿತ್ರದಲ್ಲಿದ್ದ ಗೋಡೆ, ಕುರ್ಚಿ, ಪಕ್ಕದಲ್ಲಿ ನಿಂತವರು ಎಲ್ಲವೂ ಮಾಯವಾಗಿ, ಅಂಚಿಗೆ ಕಪ್ಪಾಗುತ್ತ ನಡುವೆ ತಿಳಿಯಾಗುವ ಬೂದು ಅಥವಾ ನೀಲಿ ಬಣ್ಣ ಬಂದಿರುತ್ತದೆ. ತಲೆಯ ಸುತ್ತ ಪ್ರಭೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಹರಡಿರುತ್ತದೆ. ಬ್ರೋಮೈಡ್ ಕಾಗದದ ಮೇಲೆ ದೊಡ್ಡದು ಮಾಡಿದ ಫೋಟೋಕ್ಕೆ ಏರ್‌ಬ್ರಷ್‌ನಿಂದ ಫಿನಿಷಿಂಗ್ ಕೊಡುವ ಸ್ಟುಡಿಯೋ ಕೆಲಸದ ಲಕ್ಷಣವಿದು. ತೀರಿಕೊಂಡ ಹಿರಿಯರ ಫೋಟೋಗಳಿಗೂ ಇದೇ ಉಪಚಾರ ನಡೆಯುತ್ತಿತ್ತು. ಗುಂಪಿನಲ್ಲಿ ಅರ್ಧ ಮರೆಯಾಗಿದ್ದ ಅಜ್ಜನನ್ನು ಒಬ್ಬನೇ ನಿಂತಂತೆ ಮಾಡಿಕೊಡುತ್ತಿದ್ದದ್ದು ಈ ಪುಟ್ಟ ಸಾಧನವೇ.

ಇದೇ ಸೀಮೆಗೆ ಇದಕ್ಕೆ ಪೂರ್ತಿ ವಿರುದ್ಧವಾದ ಚಿತ್ರಕಲೆಯೂ ಇದೆ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ, ಗರುಡಾದ್ರಿ ಮನೆತನದ ಹೆಸರಿನೊಂದಿಗೆ ಗುರುತಿಸುವ ಸುರಪುರ ಶೈಲಿಯಲ್ಲಿ ಗೆರೆಯೇ ಜೀವಾಳ. ಬಂಗಾರದ ರೇಕು, ಅತಿ ಸಣ್ಣ ಕುಂಚ, ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ ಅದು. ಕುಂಚದ ಕಲೆ ಇಷ್ಟು ಎತ್ತರಕ್ಕೆ ಹೋಗಿದ್ದ ನೆಲದಲ್ಲೇ ಇಪ್ಪತ್ತನೆಯ ಶತಮಾನದ ಭಕ್ತರು ಗೆರೆಯಿಲ್ಲದ, ನುಣುಪಾದ ಪಟಗಳನ್ನೂ ಒಪ್ಪಿಕೊಂಡರು. ಎರಡನ್ನೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ತೂಗುಹಾಕಿದರೆ ಏರ್‌ಬ್ರಷ್ ತಂದ ಬದಲಾವಣೆ ಎಷ್ಟು ದೊಡ್ಡದೆಂದು ವಿವರಣೆಯಿಲ್ಲದೆ ತಿಳಿಯುತ್ತದೆ.

1948ರವರೆಗೆ ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮುಂಬಯಿ ಮತ್ತು ಮದ್ರಾಸಿನ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು, ಆ ದಾರಿಯಲ್ಲೇ ಯಾದಗಿರಿ ನಿಲ್ದಾಣವಿದೆ. ಆದ್ದರಿಂದ ಈ ಕಡೆಯ ಸ್ಟುಡಿಯೋಗಳ ಕಣ್ಣು ಮೈಸೂರು ಬೆಂಗಳೂರಿಗಿಂತ ಹೈದರಾಬಾದ್ ಮತ್ತು ಮುಂಬಯಿಯ ಕಡೆಗೇ ಇತ್ತು. ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದ್ದು ಈ ಹಳಿಗಳು ಕೂಡಿದ ನಂತರದ ದಶಕಗಳಲ್ಲಿ.

ಸಾಧನದ ಹುಟ್ಟು

ಏರ್‌ಬ್ರಷ್ ಹುಟ್ಟಿದ್ದೇ ಫೋಟೋದ ಮಗ್ಗುಲಲ್ಲಿ. ಅಮೆರಿಕದ ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ 1876ರಲ್ಲಿ ಬಣ್ಣ ಸಿಂಪಡಿಸುವ ಸಾಧನವೊಂದಕ್ಕೆ ಪೇಟೆಂಟ್ ಪಡೆದರು. ಫೋಟೋಗ್ರಫಿಯ ಡ್ರೈ ಪ್ಲೇಟ್ ಉದ್ಯಮದಲ್ಲಿ ಹಣ ಮಾಡಿ, ಮುಂದೆ ಅವಳಿ ಸೋದರನ ಜೊತೆ ಉಗಿಯಿಂದ ಓಡುವ ಸ್ಟ್ಯಾನ್ಲಿ ಕಾರುಗಳನ್ನು ಕಟ್ಟಿದವರು ಇವರೇ. ಅಯೋವಾ ಪ್ರಾಂತ್ಯದ ಅಬ್ನರ್ ಪೀಲರ್ 1879ರಲ್ಲಿ ತಯಾರಿಸಿದ ಸಾಧನದಲ್ಲಿ ಬಾಗಿದ ಹೊಲಿಗೆ ಸೂಜಿಯೊಂದು ಗಾಳಿಯ ರಭಸಕ್ಕೆ ಹಿಂದೆಮುಂದೆ ಆಡುತ್ತ ತುದಿಯಲ್ಲಿ ಬಣ್ಣ ಹೊತ್ತು ತರುತ್ತಿತ್ತು. ಅದರ ಹಕ್ಕನ್ನು ಕೊಂಡ ಲಿಬರ್ಟಿ ವಾಕಪ್ ಇಲಿನಾಯ್‌ನ ರಾಕ್‌ಫೋರ್ಡ್‌ನಲ್ಲಿ ಏರ್‌ಬ್ರಷ್ ಎಂಬ ಹೆಸರಿನಲ್ಲೇ ಮಾರಾಟಕ್ಕಿಳಿದರು. ಫೋಟೋ ತಿದ್ದುವವರು ಅದನ್ನು ಕೊಂಡರು. ವಾಕಪ್ ಕಾಲದ ಸಾಧನಗಳು ಇಂದು ಸಂಗ್ರಾಹಕರ ಕೈಗೆ ಸಿಗುವುದು ಬಹಳ ಅಪರೂಪ.

ಚಾರ್ಲ್ಸ್ ಬರ್ಡಿಕ್ 1890ರ ದಶಕದ ಮೊದಲಲ್ಲಿ ರೂಪಿಸಿದ ಮಾದರಿ ಇಂದಿನ ಏರ್‌ಬ್ರಷ್‌ಗಳ ನೇರ ಪೂರ್ವಜ. ಸೂಜಿ ಆಡುವ ಬದಲು ಶಂಕುವಿನಾಕಾರದ ಬಾಯಿಯೊಳಗೆ ಕೂತು ಬಣ್ಣದ ದಾರಿಯನ್ನು ಮುಚ್ಚಿ ತೆರೆಯುತ್ತದೆ, ಗಾಳಿ ಅದರ ಸುತ್ತ ಹರಿದು ಬಣ್ಣವನ್ನು ಒಡೆಯುತ್ತದೆ. 1893ರ ಶಿಕಾಗೋ ವಿಶ್ವ ಮೇಳದಲ್ಲಿ ಥೇಯರ್ ಅಂಡ್ ಚಾಂಡ್ಲರ್ ಕಂಪನಿ ಇದನ್ನು ಜನರ ಮುಂದಿಟ್ಟಿತು. ಬರ್ಡಿಕ್ ಆಮೇಲೆ ಇಂಗ್ಲೆಂಡಿಗೆ ಹೋಗಿ ಏರೋಗ್ರಾಫ್ ಕಂಪನಿ ಕಟ್ಟಿದರು. ಭಾರತದ ಸಂಗ್ರಾಹಕನ ಮಟ್ಟಿಗೆ ಮುಖ್ಯ ಹೆಸರು ಇದೇ, ಯಾಕೆಂದರೆ ಬ್ರಿಟಿಷರ ಕಾಲದಲ್ಲಿ ಮುಂಬಯಿ, ಕಲ್ಕತ್ತೆ, ಮದ್ರಾಸಿನ ಕಲಾಸಾಮಗ್ರಿ ಅಂಗಡಿಗಳಿಗೆ ಸಹಜವಾಗಿ ಬರುತ್ತಿದ್ದದ್ದು ಇಂಗ್ಲೆಂಡಿನ ಸರಕು.

1904ರಲ್ಲಿ ಶಿಕಾಗೋದಲ್ಲಿ ಶುರುವಾದ ಪಾಶೆ ಕಂಪನಿ ಪೀಲರನ ಆಡುವ ಸೂಜಿಯನ್ನು ಮತ್ತೆ ಬಳಕೆಗೆ ತಂದಿತು. ಅದರ ಎಬಿ ಮಾದರಿಯಲ್ಲಿ ಗಾಳಿಯಿಂದಲೇ ತಿರುಗುವ ಪುಟ್ಟ ಚಕ್ರವೊಂದು ನಿಮಿಷಕ್ಕೆ ಸುಮಾರು 20,000 ಸುತ್ತಿನ ವೇಗದಲ್ಲಿ ಸೂಜಿಯನ್ನು ಆಡಿಸುತ್ತದೆ. ಪೆನ್ಸಿಲಿನ ಗೆರೆಗಿಂತ ಸಣ್ಣ ಗೆರೆಯನ್ನೂ ಇದರಿಂದ ಎಳೆಯಬಹುದು. ಫೋಟೋ ತಿದ್ದುವ ನುರಿತ ಕೆಲಸಗಾರರು ಇದನ್ನು ಬಿಟ್ಟುಕೊಡುತ್ತಿರಲಿಲ್ಲ. ಹೊಂದಿಸುವುದು ಕಷ್ಟ, ಕೆಟ್ಟರೆ ರಿಪೇರಿ ಇನ್ನೂ ಕಷ್ಟ, ಹಾಗಾಗಿ ಕೆಲಸ ಮಾಡುವ ಸ್ಥಿತಿಯ ಎಬಿ ಸಿಕ್ಕರೆ ಸಂಗ್ರಾಹಕನಿಗೆ ಅದೇ ಹಬ್ಬ.

ದೊಡ್ಡ ಸ್ಪ್ರೇ ಗನ್‌ಗಳ ವಂಶ ಬೇರೆ. ಒಹಾಯೋದ ಟೊಲಿಡೋ ಊರಿನ ವೈದ್ಯ ಅಲೆನ್ ಡೆವಿಲ್ಬಿಸ್ 1880ರ ದಶಕದ ಕೊನೆಯಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ರಬ್ಬರ್ ಉಂಡೆಯ ಸಾಧನ ಮಾಡಿದರು. ಅವರ ಮಗ ಥಾಮಸ್ 1907ರಲ್ಲಿ ಅದೇ ತತ್ವದಿಂದ ಬಣ್ಣದ ಗನ್ ತಯಾರಿಸಿದರು. ಅದಕ್ಕೆ ನಿಜವಾದ ಬೇಡಿಕೆ ಬಂದದ್ದು 1923ರಲ್ಲಿ ಡುಪಾಂಟ್ ಕಂಪನಿ ಡ್ಯೂಕೋ ಎಂಬ ಬೇಗ ಒಣಗುವ ಲ್ಯಾಕರ್ ಹೊರತಂದ ಮೇಲೆ. ಅದುವರೆಗೆ ಕಾರಿನ ಮೈಗೆ ಕುಂಚದಲ್ಲಿ ಬಣ್ಣ ಬಳಿದು, ಉಜ್ಜಿ, ಮತ್ತೆ ಬಳಿದು ಒಣಗಿಸಲು ವಾರಗಳೇ ಬೇಕಾಗುತ್ತಿದ್ದವು. ಡ್ಯೂಕೋ ಕುಂಚ ಎಳೆದು ಮುಗಿಸುವಷ್ಟರಲ್ಲೇ ಒಣಗತೊಡಗುತ್ತಿತ್ತು, ಗನ್ ಇಲ್ಲದೆ ಅದನ್ನು ಹಚ್ಚುವುದೇ ಕಷ್ಟ. ನಮ್ಮ ಗ್ಯಾರೇಜುಗಳಲ್ಲಿ, ಬಡಗಿಗಳ ಬಾಯಲ್ಲಿ ಡ್ಯೂಕೋ ಹೊಡೆಯುವ ಮಾತು ಇಂದಿಗೂ ಉಳಿದಿದೆ.

ಸುಣ್ಣದಿಂದ ಮೈಲುತುತ್ತದವರೆಗೆ

ಶಿಕಾಗೋದ ಮಾರ್ಷಲ್ ಫೀಲ್ಡ್ ಮಳಿಗೆಯ ದುರಸ್ತಿ ಮೇಲ್ವಿಚಾರಕ ಜೋಸೆಫ್ ಬಿಂಕ್ಸ್ 1880ರ ದಶಕದ ಕೊನೆಯಲ್ಲಿ ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಹೊಡೆಯಲು ಕೈಪಂಪಿನ ಯಂತ್ರ ಮಾಡಿದ್ದರು. 1893ರ ಮೇಳದ ಕಟ್ಟಡಗಳಿಗೆ ಗಡುವಿನೊಳಗೆ ಬಿಳಿ ಬಣ್ಣ ಬಳಿಯುವುದು ಕುಂಚಗಳಿಂದ ಆಗದ ಕೆಲಸವೆಂದು ಕಂಡಾಗ ಅಲ್ಲಿ ಸಿಂಪಡಿಸುವ ಯಂತ್ರಗಳನ್ನೇ ನೆಚ್ಚಬೇಕಾಯಿತು.

ಸುಣ್ಣ ಹೊಡೆಯುವ ಪಂಪಿಗೂ ಬೆಳೆಗೆ ಮದ್ದು ಹೊಡೆಯುವ ಪಂಪಿಗೂ ರಚನೆಯಲ್ಲಿ ಹೆಚ್ಚು ಅಂತರವಿಲ್ಲ. ಕರ್ನಾಟಕದಲ್ಲಿ ಸಿಂಪಡಣೆಯ ಕಥೆಯ ದೊಡ್ಡ ಅಧ್ಯಾಯ ಇರುವುದೂ ತೋಟದಲ್ಲೇ. ಮಲೆನಾಡಿನ ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗವನ್ನು ತಡೆಯಲು ರೈತರು ಮೊದಲು ಗೊನೆಗಳಿಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಆ ಕಾಲದ ಒಳ್ಳೆಯ ಪಂಪುಗಳ ಮೈ ತಾಮ್ರದ್ದು, ಒಳಗಿನ ಭಾಗ ಹಿತ್ತಾಳೆಯದು. ನೂರು ವರ್ಷ ಕಳೆದರೂ ಅವು ಅಟ್ಟದ ಮೇಲೆ ಗಟ್ಟಿಯಾಗಿ ಉಳಿದಿರುವುದಕ್ಕೂ, ಗುಜರಿಯವರು ಅವನ್ನೇ ಮೊದಲು ಕೇಳುವುದಕ್ಕೂ ಕಾರಣ ಒಂದೇ. ಆಮೇಲೆ ಬಂದ, ನೆಲದ ಮೇಲಿಟ್ಟು ಹಿಡಿಕೆ ಎಳೆದು ತಳ್ಳುವ ಗಟಾರ್ ಪಂಪುಗಳನ್ನೂ ಬಿಡಬಾರದು. ಉದ್ದನೆಯ ರಬ್ಬರ್ ಪೈಪಿನ ಕೊನೆಯಲ್ಲಿ ಮರ ಹತ್ತಿ ಕೂತ ಕೊನೆಗಾರ, ಕೆಳಗೆ ಪಂಪು ಒತ್ತುವವನು, ಇಬ್ಬರ ನಡುವಿನ ಕೂಗು ಎಲ್ಲ ಸೇರಿಯೇ ಆ ಯಂತ್ರ ಕೆಲಸ ಮಾಡುತ್ತಿದ್ದದ್ದು.

ಯಾದಗಿರಿ ಕಡೆಗೆ ಬಂದರೆ ಹತ್ತಿ ಮತ್ತು ತೊಗರಿ ಹೊಲಗಳಲ್ಲಿ ಎಣ್ಣೆ ಹೊಡೆಯುವ ಬೆನ್ನಿನ ಪಂಪು ಎಲ್ಲರಿಗೂ ಗೊತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಡಿಡಿಟಿ ಸಿಂಪಡಿಸುವ ಸಿಬ್ಬಂದಿ ಕಾಲಿನಿಂದ ಒತ್ತಿ ಹಿಡಿದು ಕೈಯಿಂದ ಒತ್ತುವ ಸ್ಟಿರಪ್ ಪಂಪುಗಳೊಂದಿಗೆ ಹಳ್ಳಿಗಳಿಗೆ ಬಂದರು. ಕೈಯಲ್ಲಿ ಒತ್ತುವ ಫ್ಲಿಟ್ ಪಂಪು ಸೊಳ್ಳೆಗೆಂದು ಮನೆಗಳಿಗೂ ಹೊಕ್ಕಿತು. ಶುದ್ಧ ಏರ್‌ಬ್ರಷ್ ಸಂಗ್ರಾಹಕರು ಇವನ್ನು ಹೊರಗಿಡುತ್ತಾರೆ. ಅದು ಸರಿಯಲ್ಲ. ಸಿಂಪಡಿಸುವ ಕಲ್ಪನೆ ನಮ್ಮ ಹಳ್ಳಿಯ ಕೈಗೆ ಬಂದದ್ದು ಸ್ಟುಡಿಯೋದ ಮೂಲಕವಲ್ಲ, ಈ ಪಂಪುಗಳ ಮೂಲಕ.

ಕಲಾವಿದರು ಮತ್ತು ಸ್ಟುಡಿಯೋಗಳು

ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬಯಿಗೆ ಹೋಗಿ ಸಿನಿಮಾ ಶೋಕಾರ್ಡ್, ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾದರು. 1993ರಲ್ಲಿ ತೀರಿಕೊಂಡ ಅವರ ಹೆಸರನ್ನು ಕಲಬುರಗಿಯ ರಂಗಮಂದಿರ ಹೊತ್ತಿದೆ. ಅವರ ದೇವದೇವತೆಗಳ ಮೈಬಣ್ಣದ ನುಣುಪನ್ನು ಕಂಡು ಸ್ಪ್ರೇ ಕೆಲಸವೆಂದು ತಿಳಿಯುವವರಿದ್ದಾರೆ. ಆದರೆ ಪಂಡಿತರ ಖ್ಯಾತಿ ನಿಂತಿರುವುದು ಕುಂಚದಲ್ಲಿ ಪೋಸ್ಟರ್ ಬಣ್ಣ ಮತ್ತು ತೈಲವರ್ಣವನ್ನು ಆಳಿದ ರೀತಿಯ ಮೇಲೆ. ಅದೇ ಮುಂಬಯಿಯಲ್ಲಿ, ಅದೇ ಕಾಲದಲ್ಲಿ, ಗೋವಾ ಮೂಲದ ರಘುವೀರ ಮುಳಗಾಂವಕರ್ ಏರ್‌ಬ್ರಷ್ ಹಿಡಿದು ಮರಾಠಿ ಪತ್ರಿಕೆಗಳ ಮುಖಪುಟ ಮತ್ತು ಕ್ಯಾಲೆಂಡರ್‌ಗಳಿಗೆ ಚಿತ್ರ ಬರೆದು ಹೆಸರು ಮಾಡಿದರು. ಅಚ್ಚಾಗಿ ಬಂದ ಕ್ಯಾಲೆಂಡರಿನಲ್ಲಿ ಈ ಇಬ್ಬರ ನುಣುಪನ್ನು ಬೇರ್ಪಡಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಮೂಲ ಚಿತ್ರ ಕೈಗೆ ಸಿಕ್ಕರೆ ಭೂತಗನ್ನಡಿಯಿಂದ ತಿಳಿಯಬಹುದು. ಸ್ಪ್ರೇ ಮಾಡಿದ ಕಡೆ ಬಣ್ಣ ಧೂಳಿನಂಥ ಚುಕ್ಕೆಗಳಾಗಿ ಕೂತಿರುತ್ತದೆ. ಕಾಗದ ಕತ್ತರಿಸಿ ಮರೆಮಾಡಿದ ಅಂಚಿನಲ್ಲಿ ಬಣ್ಣದ ಸಣ್ಣ ದಿಣ್ಣೆ ಇರುತ್ತದೆ. ಮರೆಯನ್ನು ತುಸು ಎತ್ತಿ ಹಿಡಿದಿದ್ದರೆ ಅಂಚು ಮಂಜಾಗಿರುತ್ತದೆ.

ಬೆಂಗಳೂರಿನ ಜಿ. ಕೆ. ವೇಲ್ ಸ್ಟುಡಿಯೋ 1910ರಷ್ಟು ಹಳೆಯದು, ಕೈಯಿಂದ ಬಣ್ಣ ಹಚ್ಚಿದ ಭಾವಚಿತ್ರಗಳಿಗೆ ಹೆಸರಾದದ್ದು. ಸ್ಟುಡಿಯೋಗಳ ಹೊರಗೆ ಬಣ್ಣ ತಯಾರಿಸುವ, ಬಣ್ಣ ಬೇಡುವ ಉದ್ಯಮಗಳೂ ಬೆಳೆದವು. ಮೈಸೂರಿನಲ್ಲಿ 1937ರಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಆರಂಭವಾದವು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 1932ರಲ್ಲಿ ಬಸ್ ಸಂಚಾರ ಶುರುಮಾಡಿತು. ಮೋಟಾರು ಗಾಡಿಗಳು ಬಂದಲ್ಲೆಲ್ಲ ಅವುಗಳ ಬಣ್ಣದ ಕೆಲಸವೂ ಬಂತು, ಲಪ್ಪ ಹಚ್ಚಿ ಉಜ್ಜುವವರು, ಗನ್ ಹಿಡಿಯುವವರು ಎಂಬ ಕಸುಬುದಾರರೂ ಹುಟ್ಟಿಕೊಂಡರು. ಬಣ್ಣದ ಫಿಲ್ಮು ಅಗ್ಗವಾದ ಮೇಲೆ ಸ್ಟುಡಿಯೋದ ಏರ್‌ಬ್ರಷ್ ಮೂಲೆಗೆ ಸೇರಿತು. 1990ರಲ್ಲಿ ಬಂದ ಫೋಟೋಶಾಪ್ ತನ್ನೊಳಗೇ ಒಂದು ಏರ್‌ಬ್ರಷ್ ಇಟ್ಟುಕೊಂಡು ಬಂತು.

ಹುಡುಕಾಟ ಮತ್ತು ಗುರುತು

ಹುಡುಕುವವರಿಗೆ ಮುಂಬಯಿಯ ಚೋರ್ ಬಜಾರ್, ಹೈದರಾಬಾದಿನ ಜುಮೇರಾತ್ ಬಜಾರ್, ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಪರಿಚಿತ ಜಾಗಗಳು. ಯಾದಗಿರಿಯಿಂದ ಮೊದಲೆರಡಕ್ಕೂ ರೈಲಿದೆ. ಆದರೂ ಒಳ್ಳೆಯ ವಸ್ತು ಸಿಗುವುದು ಬಾಗಿಲು ಮುಚ್ಚಿದ ಸ್ಟುಡಿಯೋಗಳಲ್ಲಿ, ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಗಳಲ್ಲಿ, ಬ್ಯಾನರ್ ಬರೆಯುತ್ತಿದ್ದವರ ಟ್ರಂಕುಗಳಲ್ಲಿ. ಅಂಥ ಕಡೆ ಸಾಧನದ ಜೊತೆ ಕಥೆಯೂ ಸಿಗುತ್ತದೆ. ಬಜಾರಿನಲ್ಲಿ ಬಿದ್ದ ವಸ್ತುವಿಗೆ ಕಥೆ ಹರಿದುಹೋಗಿರುತ್ತದೆ.

ಕಾಲ ಗುರುತಿಸಲು ಮೊದಲು ನೋಡಬೇಕಾದ್ದು ಲೇಪ. ಸುಮಾರು 1920ರ ದಶಕದ ನಡುವಿನವರೆಗೆ ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪ ಇರುತ್ತಿತ್ತು, ಅದು ತುಸು ಹಳದಿಗೆ ತಿರುಗಿದ ಮಂಕು ಬಿಳುಪು. ಆಮೇಲೆ ಹರಡಿದ ಕ್ರೋಮ್ ಲೇಪದಲ್ಲಿ ನೀಲಿ ಛಾಯೆಯ ಹೊಳಪಿದೆ. ಅನೇಕ ಅಮೆರಿಕನ್ ಸಾಧನಗಳ ಮೈಮೇಲೆ ಪೇಟೆಂಟ್ ದಿನಾಂಕ ಕೊರೆದಿರುತ್ತದೆ. ಅದು ಪೇಟೆಂಟಿನ ದಿನಾಂಕವೇ ಹೊರತು ಆ ವಸ್ತು ತಯಾರಾದ ದಿನವಲ್ಲ, ಅದೇ ಗುರುತಿನಲ್ಲಿ ಎಷ್ಟೋ ವರ್ಷ ಮಾಲು ಹೊರಬಂದಿರಬಹುದು. ಬಣ್ಣದ ಬಟ್ಟಲು ಮೇಲಿದೆಯೋ, ಪಕ್ಕದಲ್ಲಿದೆಯೋ, ಕೆಳಗೆ ಸೀಸೆ ತೂಗುತ್ತದೆಯೋ ನೋಡಬೇಕು. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ ಎಂಬ ಎರಡು ಚಲನೆಯ ಮಾದರಿಯೇ, ಒಂದೇ ಚಲನೆಯದೇ ಎಂಬುದೂ ಮುಖ್ಯ. ಒಳಗೆ ಮಖಮಲ್ಲು ಹಾಸಿದ ಮೂಲ ಪೆಟ್ಟಿಗೆ, ಸೂಜಿ ತೆಗೆಯುವ ಕೀಲಿ, ಬಳಕೆಯ ಕೈಪಿಡಿ ಇದ್ದರೆ ಬೆಲೆ ಏರುತ್ತದೆ. ದೇಸೀ ಲೇತ್ ಅಂಗಡಿಗಳಲ್ಲಿ ವಿದೇಶಿ ಮಾದರಿ ನೋಡಿ ಕಡೆದ ನಕಲುಗಳೂ ಇವೆ. ಅವನ್ನು ಕೀಳೆಂದು ಬದಿಗೆ ಸರಿಸುವವರ ಮಾತನ್ನು ಈ ಲೇಖನ ಒಪ್ಪುವುದಿಲ್ಲ. ಕೂದಲೆಳೆಯ ರಂಧ್ರವಿರುವ ಬಾಯಿಯನ್ನು ಸಾಮಾನ್ಯ ಲೇತಿನಲ್ಲಿ ಕಡೆದವನ ಕೈಚಳಕ ಮೂಲ ತಯಾರಕನದಕ್ಕಿಂತ ಕಡಿಮೆಯದಲ್ಲ.

ಕಾಪಾಡುವ ಕ್ರಮ

ಸಿಕ್ಕ ತಕ್ಷಣ ಹಿತ್ತಾಳೆ ಪಾಲಿಷ್ ಹಚ್ಚಿ ತಿಕ್ಕುವುದು ಎಲ್ಲಕ್ಕಿಂತ ದೊಡ್ಡ ಹಾನಿ. ತೆಳು ನಿಕ್ಕಲ್ ಲೇಪ ಒಮ್ಮೆ ಹೋದರೆ ಮರಳಿ ಬರುವುದಿಲ್ಲ, ಕೊರೆದ ಅಕ್ಷರಗಳೂ ಸವೆಯುತ್ತವೆ. ಮೆತ್ತನೆ ಬಟ್ಟೆ, ಸ್ವಲ್ಪ ಸೋಪು ನೀರು ಸಾಕು. ಬಾಯಿಯ ರಂಧ್ರಕ್ಕೆ ತಂತಿ ತೂರಿಸಬಾರದು, ಒಳಗಿನ ಇಳಿಜಾರು ಕೆತ್ತಿಹೋಗುತ್ತದೆ. ಒಣಗಿದ ಬಣ್ಣವನ್ನು ತಕ್ಕ ದ್ರಾವಕದಲ್ಲಿ ನೆನೆಹಾಕಿ ಸಡಿಲಿಸಬೇಕು. ಅದನ್ನು ಕೆರೆದು ಧೂಳೆಬ್ಬಿಸುವುದಾಗಲಿ, ಬಾಯಿಯಿಂದ ಊದುವುದಾಗಲಿ ಸಲ್ಲದು, ಹಳೆಯ ಬಿಳಿ ಮತ್ತು ಹಳದಿ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ತುದಿ ಬಾಗಿದ ಸೂಜಿಯನ್ನು ನುಣುಪು ಸಾಣೆಕಲ್ಲಿನ ಮೇಲೆ ಉರುಳಿಸುತ್ತ ನೆಟ್ಟಗೆ ಮಾಡಬಹುದು. ಪಂಪುಗಳ ಚರ್ಮದ ವಾಷರ್ ಒಣಗಿ ಸೆಟೆದಿದ್ದರೆ ಎಣ್ಣೆಯಲ್ಲಿ ನೆನೆಸಿದಾಗ ಮತ್ತೆ ಮೆದುವಾಗುತ್ತದೆ.

ಹಳೆಯ ಗಾಳಿತೊಟ್ಟಿಗೆ ಮತ್ತೆ ಗಾಳಿ ತುಂಬಿ ನೋಡುವ ಆಸೆಯನ್ನು ಬಿಡಬೇಕು. ಒಳಗೆ ತುಕ್ಕು ಎಷ್ಟು ತಿಂದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ, ಒಡೆದರೆ ಲೋಹದ ಚೂರು ಗುಂಡಿನಂತೆ ಸಿಡಿಯುತ್ತದೆ. ಏರ್‌ಬ್ರಷ್ ನಡೆಸಿ ತೋರಿಸಬೇಕಾದರೆ ಹೊಸ ಕಂಪ್ರೆಸರ್ ಜೋಡಿಸುವುದೇ ದಾರಿ, ಚದರ ಇಂಚಿಗೆ 15ರಿಂದ 40 ಪೌಂಡ್ ಒತ್ತಡ ಅದಕ್ಕೆ ಸಾಕು. ಕೀಟನಾಶಕ ತುಂಬಿದ್ದ ಪಂಪನ್ನು ಎಷ್ಟೇ ತೊಳೆದರೂ ಬಣ್ಣಕ್ಕೆ, ನೀರಿಗೆ ಬಳಸಕೂಡದು. ಅದನ್ನು ಮುಟ್ಟುವಾಗ ಕೈಗವಸು ಇರಲಿ, ಮಕ್ಕಳ ಕೈಗೆ ಸಿಗದಂತೆ ಗಾಜಿನ ಕಪಾಟಿನಲ್ಲಿ ಇರಲಿ.

ಪ್ರತಿ ವಸ್ತುವಿಗೂ ಒಂದು ಹಾಳೆ ಬೇಕು. ಯಾರು ಬಳಸಿದರು, ಯಾವ ಊರಲ್ಲಿ, ಗಾಳಿ ಎಲ್ಲಿಂದ ಬರುತ್ತಿತ್ತು, ಯಾವ ಬಣ್ಣ, ಯಾವ ಬಗೆಯ ಪಟ ಎಂದು ಬರೆದಿಡಬೇಕು. ವಿದ್ಯುತ್ ಇಲ್ಲದ ಊರಲ್ಲಿ ಗಾಳಿ ತುಂಬುತ್ತಿದ್ದದ್ದು ಸೈಕಲ್ ಪಂಪಿನಿಂದಲೋ, ಲಾರಿ ಟ್ಯೂಬಿನಿಂದಲೋ ಎಂಬಂಥ ವಿವರವನ್ನು ಆ ಕೆಲಸ ಮಾಡಿದವರು ಮಾತ್ರ ಹೇಳಬಲ್ಲರು. ಅವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಸಾಧ್ಯವಾದಲ್ಲಿ ಅದೇ ಸಾಧನದಿಂದ ಮುಗಿಸಿದ ಒಂದು ಪಟವನ್ನೂ ಜೊತೆಗಿಡಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕ್ಯಾಮೆರಾಗಳಿಗೆ ಗೌರವದ ಜಾಗ ಸಿಕ್ಕಿದೆ. ಕ್ಯಾಮೆರಾ ತೆಗೆದ ಚಿತ್ರವನ್ನು ತಿದ್ದಿ ಮುಗಿಸಿದ ಸಾಧನಕ್ಕೂ ಕರ್ನಾಟಕದ ಸಂಗ್ರಹಾಲಯಗಳಲ್ಲಿ ಅದರ ಪಕ್ಕದಲ್ಲೇ ಜಾಗ ಸಲ್ಲಬೇಕು.

ಸಿಂಪಡಣೆಯ ಕಸುಬು ನಿಂತಿಲ್ಲ. ಗಣೇಶ ಚೌತಿಗೆ ಮೊದಲಿನ ತಿಂಗಳುಗಳಲ್ಲಿ ಮೂರ್ತಿ ಮಾಡುವ ಶೆಡ್ಡುಗಳಲ್ಲಿ ಸಣ್ಣ ಕಂಪ್ರೆಸರ್‌ಗಳು ಹಗಲುರಾತ್ರಿ ಓಡುತ್ತವೆ. ಸೊಂಡಿಲ ಮಡಿಕೆಗೆ, ಹೊಟ್ಟೆಯ ಉಬ್ಬಿಗೆ ನೆರಳು ಕೊಡುವುದು ಏರ್‌ಬ್ರಷ್, ಕಣ್ಣು ಬರೆಯುವುದು ಮಾತ್ರ ಇನ್ನೂ ಕುಂಚ. ಕೆಟ್ಟುಹೋದಾಗ ಎಸೆಯುವ ಆ ಅಗ್ಗದ ಗನ್‌ಗಳನ್ನು, ಅವುಗಳ ಒಡೆಯರ ಹೆಸರು ಮತ್ತು ಮಾಡಿದ ಕೆಲಸದ ವಿವರದೊಂದಿಗೆ, ಸಂಗ್ರಾಹಕರು ಈಗಲೇ ಕೇಳಿ ಪಡೆಯಬೇಕು.